ಎಡಕ್ಕೆ ವಾಲಿದ ಗ್ರೀಸು

ಗ್ರೀಸು ಹಚ್ಚುವುದೂ ಸಹಿ ಹಾಕುವುದೂ ಹೆಚ್ಚುಕಡಿಮೆ ಒಂದೇ. ಒಂದೇ ಡಬ್ಬಿಯಿಂದ, ಒಂದೇ ಬ್ರಶ್ಶಿನಿಂದ ಹತ್ತು ಜನ ಹಚ್ಚಲಿ, ಹತ್ತೂ ಬೇರೆ ಬೇರೆ ಕಾಣುತ್ತದೆ. ಒಬ್ಬ ಬ್ರೆಡ್ಡಿಗೆ ಬೆಣ್ಣೆ ಸವರಿದ ಹಾಗೆ ಸವರುತ್ತಾನೆ, ಇನ್ನೊಬ್ಬ ಗಾಯಕ್ಕೆ ಮುಲಾಮು ಹಚ್ಚಿದ ಹಾಗೆ ಮುಟ್ಟಿಯೂ ಮುಟ್ಟದಂತೆ ಹಚ್ಚುತ್ತಾನೆ. ಮೂವತ್ತೊಂದು ವರ್ಷ ಮೀನು ಹಿಡಿಯುವ ಕೋಲಿನ ದಾರ ಸುತ್ತುವ ರೀಲುಗಳನ್ನು ಬಿಚ್ಚಿ ಮುಚ್ಚಿದ ಮೇಸ್ತ್ರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೇರೆ ಕಡೆ ರಿಪೇರಿಯಾಗಿ ಬಂದ ರೀಲನ್ನು ಬಿಚ್ಚಿದ ಕೂಡಲೇ ಅದು ಅವಸರದವನ ಕೈಯೋ, ಜಿಪುಣನ ಕೈಯೋ, ಹೊಸದಾಗಿ ಕಲಿತವನ ಕೈಯೋ ಅವನಿಗೆ ತಿಳಿಯುತ್ತಿತ್ತು.

ಆದರೆ ಆ ಗುರುವಾರ ಬೆಳಿಗ್ಗೆ ಅವನ ಮುಂದೆ ಬಿಚ್ಚಿಟ್ಟಿದ್ದ ರೀಲು ಬೇರೆ ಕಡೆಯದಲ್ಲ. ಹಲ್ಲಿನ ಡಾಕ್ಟರಮ್ಮನದು. ಆಕೆ ಪ್ರತಿ ಭಾನುವಾರ ಸಮುದ್ರದ ತಡೆಗೋಡೆಯ ಮೇಲೆ ನಿಂತು ಮೀನು ಹಿಡಿಯುತ್ತಾಳೆ, ವರ್ಷಕ್ಕೊಮ್ಮೆ ರೀಲನ್ನು ಟವೆಲಿನಲ್ಲಿ ಸುತ್ತಿ ತಂದು ಇವನ ಕೈಗೇ ಕೊಡುತ್ತಾಳೆ. ಹದಿನಾಲ್ಕು ತಿಂಗಳ ಹಿಂದೆ ಇದನ್ನು ಇವನೇ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಮುಚ್ಚಿದ್ದ. ಆಮೇಲೆ ಬೇರೆ ಯಾರೂ ಅದನ್ನು ಮುಟ್ಟಿರುವ ಸಂಭವವಿರಲಿಲ್ಲ. ಆದರೂ ಒಳಗಿದ್ದ ಗ್ರೀಸು ಅವನದಲ್ಲ.

ಅವನು ಭೂತಗನ್ನಡಿಯನ್ನು ಕಣ್ಣಿಗೆ ಏರಿಸಿಕೊಂಡು ಮತ್ತೆ ನೋಡಿದ. ಅವನ ಗ್ರೀಸು ದಪ್ಪ. ಹಲ್ಲುಚಕ್ರದ ಒಂದೊಂದು ಹಲ್ಲಿನ ಮೇಲೂ ಬ್ರಶ್ಶಿನ ಗೆರೆ ಬಲಕ್ಕೆ ವಾಲಿ ನಿಲ್ಲುತ್ತದೆ, ಬರೆಯುವ ಕೈ ಯಾವ ಕಡೆಗೆ ಓಡುತ್ತದೋ ಆ ಕಡೆಗೆ. ಇಲ್ಲಿದ್ದದ್ದು ತೆಳುವಾಗಿತ್ತು, ಹಲ್ಲಿನ ಬುಡದಲ್ಲಿ ಮಾತ್ರ ಇತ್ತು, ಬಹಳ ಅಚ್ಚುಕಟ್ಟಾಗಿತ್ತು. ತಿರುಗಿ ತಿರುಗಿ ಹರಡಿಹೋದ ಕಡೆ ಏನೂ ಗೊತ್ತಾಗುತ್ತಿರಲಿಲ್ಲ. ಚಕ್ರದ ಹಿಂಬದಿಯಲ್ಲಿ, ಯಾವುದೂ ಉಜ್ಜದ ಜಾಗದಲ್ಲಿ, ಗೆರೆಗಳು ಹಾಗೇ ಉಳಿದಿದ್ದವು. ವರ್ಷ ಕಳೆದು ವಾಪಸು ಬರುವ ಬೇರೆ ರೀಲುಗಳಲ್ಲಿ ಉಪ್ಪೂ ಕೆಸರೂ ಸೇರಿ ಇಂಥ ಗೆರೆ ಉಳಿದಿರುತ್ತಿರಲಿಲ್ಲ. ಎಲ್ಲವೂ ಎಡಕ್ಕೆ ವಾಲಿದ್ದವು.

ಆ ಅಂಗಡಿಯಲ್ಲಿ ಎಡಗೈಯವನು ಒಬ್ಬನೇ. ಅವನು ಮುಂದೆ ಗಾಜಿನ ಕೌಂಟರಿನ ಹಿಂದೆ ನಿಂತು ಒಬ್ಬ ಗಿರಾಕಿಯ ಜೊತೆ ಮಾತಾಡುತ್ತಿದ್ದ.

ಮಾತಾಡುತ್ತಿದ್ದ ಅನ್ನುವುದು ಸುಮ್ಮನೆ ಹೇಳುವ ಮಾತು, ಅವನು ಮಾತಾಡದೆ ಇದ್ದದ್ದು ಯಾವಾಗ? ಮೇಸ್ತ್ರಿಯ ಹೆಂಡತಿಯ ತಮ್ಮ ಅವನು. ಬೀದಿಯವರೆಲ್ಲ ರೇಡಿಯೊ ಅನ್ನುತ್ತಿದ್ದರು, ಎದುರಿಗೇ. ಅವನಿಗೆ ಅದರಲ್ಲಿ ಬೇಜಾರೇನೂ ಇರಲಿಲ್ಲ. "ರೇಡಿಯೊಗೆ ಆಫ್ ಮಾಡೋ ಗುಂಡಿಯಾದ್ರೂ ಇರತ್ತೆ, ನನಗೆ ಅದೂ ಇಲ್ಲ" ಎಂದು ತಾನೇ ಸೇರಿಸುತ್ತಿದ್ದ.

ಅಂಗಡಿ ಉದ್ದಕ್ಕಿತ್ತು, ರೈಲಿನ ಬೋಗಿಯ ಹಾಗೆ. ಮುಂದೆ ಗೋಡೆಗೆ ಒರಗಿ ನಿಂತ ಕೋಲುಗಳು, ಗಾಜಿನ ಪೆಟ್ಟಿಗೆಯಲ್ಲಿ ಗಾತ್ರದ ಪ್ರಕಾರ ಸಾಲಾಗಿ ಗಾಳಗಳು, ದಾರದ ಉಂಡೆಗಳು. ಹಿಂದಿನ ಕಿಟಕಿಯ ಕೆಳಗೆ ಮೇಸ್ತ್ರಿಯ ಬೆಂಚು. ಮಾವ ಅಂಗಡಿ ಶುರುಮಾಡಿದಾಗ ಮಗನನ್ನೂ ಅಳಿಯನನ್ನೂ ಎದುರಿಗೆ ನಿಲ್ಲಿಸಿಕೊಂಡು, ಅಳಿಯನಿಗೆ ನೀನು ಕೂತು ಮಾಡು, ಮಗನಿಗೆ ನೀನು ನಿಂತು ಮಾತಾಡು ಎಂದು ಕೆಲಸ ಹಂಚಿದ್ದರು. ಮಗನಿಗೆ ಆಗ ಹತ್ತೊಂಬತ್ತು ವರ್ಷ. ಅವನಿಗೂ ಕೂತು ಮಾಡುವ ಆಸೆಯೇ ಇತ್ತು. ಹಟ ಹಿಡಿದು ಒಂದು ವಾರ ಬೆಂಚಿಗೆ ಬಂದ. ನಾಲ್ಕನೆಯ ದಿನ ಬೇರಿಂಗುಗಳ ತಟ್ಟೆಯನ್ನು ಮೊಣಕೈಯಿಂದ ಕೆಡವಿದ, ಆರನೆಯ ದಿನ ಮತ್ತೆ ಕೆಡವಿದ. ಮೇಸ್ತ್ರಿ ಬೈಯಲಿಲ್ಲ. "ನಿನ್ನ ಬಾಯಿ ಓಡಿದಷ್ಟು ಕೈ ಓಡಲ್ಲ ಕಣೋ, ಮುಂದೆ ಹೋಗು" ಎಂದ, ಅಷ್ಟೆ. ಭಾಮೈದ ಮುಂದೆ ಹೋದವನು ಮತ್ತೆ ಬೆಂಚಿನ ಸುದ್ದಿ ಎತ್ತಲಿಲ್ಲ. ಮುಂದೆ ಭಾಮೈದ, ಹಿಂದೆ ಮೇಸ್ತ್ರಿ, ನಡುವೆ ಹತ್ತು ಹೆಜ್ಜೆ. ಹಾಗೇ ಮೂವತ್ತೊಂದು ವರ್ಷ ಕಳೆದಿತ್ತು.

ಈಗ ಕೌಂಟರಿನಲ್ಲಿ ನಿಂತಿದ್ದವರು ಇತ್ತೀಚೆಗೆ ಕೆಲಸದಿಂದ ನಿವೃತ್ತರಾದ ಒಬ್ಬರು ಗುಮಾಸ್ತರು. ಅಂಗಡಿಯಲ್ಲಿದ್ದ ಅತ್ಯಂತ ಉದ್ದದ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಅದರ ತುದಿ ಫ್ಯಾನಿಗೆ ತಗುಲುವುದರಲ್ಲಿತ್ತು.

"ಸಾರ್, ಅದು ಹದಿನಾಲ್ಕು ಅಡಿ," ಎಂದ ಭಾಮೈದ. "ನೀವು ಹಿಡಿಯೋದು ಕೆರೇಲಿ. ಆ ಕೋಲಲ್ಲಿ ಎಸೆದ್ರೆ ಗಾಳ ನೀರಿಗೆ ಬೀಳಲ್ಲ, ಆಚೆ ದಂಡೇಲಿ ಕೂತಿರೋರ ಟೋಪಿಗೆ ಬೀಳತ್ತೆ."

"ದೊಡ್ಡದು ತಗೊಂಡ್ರೆ ಮುಂದಕ್ಕೂ ಆಗತ್ತೆ ಅಂತ."

"ಇದೇನು ಮಗುಗೆ ಅಂಗಿ ಹೊಲಿಸ್ತಿದ್ದೀರಾ? ಕೋಲು ಬೆಳೆಯಲ್ಲ, ನೀವೂ ಇನ್ಮೇಲೆ ಬೆಳೆಯಲ್ಲ. ಏಳಡಿದು ತಗೊಳ್ಳಿ. ಇಗೋ, ಬುಡ ಹಿಡೀರಿ, ತುದಿ ಅಲ್ಲಾಡ್ಸಿ. ನಿಂತಿತಾ? ತುದಿ ಬೇಗ ನಿಲ್ಲಬೇಕು. ಕುಡಿದವನ ಹಾಗೆ ತೂಗ್ತಾ ಇದ್ರೆ ಬೇಡ."

ಮಾತಾಡುತ್ತಲೇ ಅವನು ಒಂದು ಚೂರು ಹತ್ತಿಯನ್ನು ಕೋಲಿನ ಉಂಗುರಗಳೊಳಗೆ ಒಂದೊಂದಾಗಿ ಎಳೆದು ತೋರಿಸುತ್ತಿದ್ದ. ಉಂಗುರದಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಹತ್ತಿ ಸಿಕ್ಕಿಕೊಂಡ ಬಿರುಕು ನಾಳೆ ದಾರವನ್ನು ಕೊಯ್ಯುತ್ತದೆ. "ಮನೇಲೂ ತಿಂಗಳಿಗೊಂದ್ಸಲ ಹೀಗೆ ನೋಡ್ಕೊಳ್ಳಿ. ದಾರ ವರ್ಷಕ್ಕೊಂದ್ಸಲ ಬದಲಾಯಿಸಿ, ಬಿಸಿಲಲ್ಲಿ ಇಡಬೇಡಿ. ಬಣ್ಣಬಣ್ಣದ ಪ್ಲಾಸ್ಟಿಕ್ ಹುಳ ಇವತ್ತೇ ಬೇಡ. ಅದಕ್ಕೆ ಮೀನು ಬೀಳೋದು ಕಡಿಮೆ, ಗಿರಾಕಿ ಬೀಳೋದು ಜಾಸ್ತಿ."

ಮೇಸ್ತ್ರಿ ಈ ಮಾತುಗಳನ್ನೆಲ್ಲ ಸಾವಿರ ಸಲ ಕೇಳಿದ್ದ. ಇವತ್ತು ಕೇಳುತ್ತಿರಲಿಲ್ಲ, ಆ ಎಡಗೈಯನ್ನು ನೋಡುತ್ತಿದ್ದ. ಹೆಬ್ಬೆರಳೂ ತೋರುಬೆರಳೂ ಹತ್ತಿಯ ಚೂರನ್ನು ಉಂಗುರದಿಂದ ಉಂಗುರಕ್ಕೆ ದಾಟಿಸುತ್ತಿದ್ದ ರೀತಿ, ಎಲ್ಲೂ ತಡವರಿಸದೆ, ಎಲ್ಲೂ ಅವಸರಿಸದೆ. ತಟ್ಟೆ ಕೆಡವಿದ ಕೈ ಅದಾಗಿರಲಿಲ್ಲ. ಅದು ಯಾವಾಗ ಬದಲಾಯಿತು, ತಾನು ಯಾಕೆ ನೋಡಲಿಲ್ಲ ಎಂಬುದು ಅವನಿಗೆ ತಿಳಿಯಲಿಲ್ಲ.

ಗುಮಾಸ್ತರು ಏಳಡಿಯ ಕೋಲು ಹಿಡಿದು ಹೋದ ಮೇಲೆ ಮೇಸ್ತ್ರಿ ಎದ್ದು, ತಾನು ಹೋದ ವಾರ ಮುಚ್ಚಿ ಕಪಾಟಿನಲ್ಲಿಟ್ಟಿದ್ದ ರೀಲುಗಳಲ್ಲಿ ಎರಡನ್ನು ತಂದ. ಇನ್ನೂ ಅವುಗಳ ಯಜಮಾನರು ಬಂದಿರಲಿಲ್ಲ. ಎರಡನ್ನೂ ಬಿಚ್ಚಿದ. ಎರಡರಲ್ಲೂ ಗೆರೆ ಎಡಕ್ಕೆ.

ಅವನ ಎದೆಯಲ್ಲಿ ಎದ್ದದ್ದು ಸಿಟ್ಟೇ. ಅದು ಕೂಗುವ ಸಿಟ್ಟಾಗಿರಲಿಲ್ಲ, ಅವನ ಸಿಟ್ಟು ಯಾವತ್ತೂ ಹಾಗಿರಲಿಲ್ಲ. ಸುಡುವ ಲೋಹವನ್ನು ನೀರಿಗೆ ಅದ್ದಿದಾಗ ಒಂದು ಸಲ ಚುಯ್ ಎಂದು ಸುಮ್ಮನಾಗಿಬಿಡುತ್ತದಲ್ಲ, ಹಾಗೆ. ಈ ಬೆಂಚನ್ನು ಬಿಟ್ಟರೆ ಅವನಿಗೆ ಬೇರೆ ಏನಿತ್ತು? ಮಾತು ಬರುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಮೂಲೆಯ ಕುರ್ಚಿ ಹುಡುಕುವ ಜಾತಿ. ಮಕ್ಕಳಾಗಿರಲಿಲ್ಲ. ಆದರೆ ಮೂರು ಗಂಟೆ ಬಸ್ಸಿನಲ್ಲಿ ಕೂತು ರೀಲು ಹೊತ್ತುಕೊಂಡು ಬರುವವರಿದ್ದರು, "ಮೇಸ್ತ್ರಿ ಮುಚ್ಚಿದ್ದು" ಅಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಜಗತ್ತಿನಲ್ಲಿ ಅವನ ಪಾಲಿಗೆ ಬಂದ ಜಾಗ ಆ ಸ್ಟೂಲು, ಆ ಕಿಟಕಿ, ಆ ಮೂರಡಿ ಮರ. ಈಗ ಅದರಲ್ಲಿ ತಾನಿಲ್ಲದಾಗ ಇನ್ನೊಬ್ಬ ಕೂರುತ್ತಿದ್ದ. ಕದ್ದು ಕಲಿಯುತ್ತಿದ್ದಾನೆಯೇ? ಬೆನ್ನ ಹಿಂದೆ ನನ್ನ ಕೆಲಸ ಬಿಚ್ಚಿ ನೋಡಿ ನಗುತ್ತಿದ್ದಾನೆಯೇ? ಮನೆಯವನೇ ಗೋಡೆಗೆ ಕನ್ನ ಹಾಕಿದ ಹಾಗಾಯಿತಲ್ಲ.

ಹನ್ನೊಂದು ಗಂಟೆಗೆ ಭಾಮೈದ ಎರಡು ಲೋಟ ಚಹಾ ಹಿಡಿದು ಬಂದ.

"ಏನ್ ಭಾವ, ಇವತ್ತು ಮೌನ ಸ್ವಲ್ಪ ಜಾಸ್ತಿನೇ ಇದೆಯಲ್ಲ? ದಿನಾ ಒಂದು ಕಿಲೋ ಇರ್ತಿತ್ತು, ಇವತ್ತು ಎರಡು ತೂಗ್ತಿದೆ."

ಮೇಸ್ತ್ರಿ ಚಹಾ ತೆಗೆದುಕೊಂಡ. "ಡಾಕ್ಟರಮ್ಮಂಗೆ ಯಾವಾಗ ಅಂತ ಹೇಳಿದ್ದೀಯ?"

"ನಾಳೆ ಸಂಜೆ."

"ನಾನು ಇವತ್ತು ಮಧ್ಯಾಹ್ನಕ್ಕೆ ಮುಚ್ತೀನಿ."

"ಮುಚ್ಚಿ. ಒಂದಿನ ಎಣ್ಣೆ ಕುಡೀಲಿ ಅದು."

ಈ ಮಾತೂ ಹೊಸದಲ್ಲ. ರೀಲು ಮುಚ್ಚಿದ ಮೇಲೆ ಒಂದು ದಿನ ಕಪಾಟಿನಲ್ಲಿದ್ದು ಎಣ್ಣೆ ಕುಡಿಯಬೇಕು ಎಂದು ಭಾಮೈದ ಎಲ್ಲ ಗಿರಾಕಿಗಳಿಗೂ ಹೇಳುತ್ತಿದ್ದ. ಮೇಸ್ತ್ರಿ ಅದನ್ನು ಅವನ ನೂರೆಂಟು ಬೊಗಳೆಗಳಲ್ಲಿ ಒಂದು ಅಂದುಕೊಂಡಿದ್ದ.

"ರೀಲು ಎಣ್ಣೆ ಕುಡಿಯತ್ತೆ ಅಂತ ನಿಂಗೆ ಯಾರು ಹೇಳಿದ್ದು?"

"ನೀವೇ."

"ನಾನು ಹೇಳಿಲ್ಲ."

"ಹೇಳಿರ್ತೀರಿ ಭಾವ. ವರ್ಷಕ್ಕೆ ನಾಲ್ಕು ಸಲ ಬಾಯಿ ಬಿಡ್ತೀರಿ, ಅದ್ರಲ್ಲಿ ಒಂದ್ಸಲ ಹೇಳಿರ್ತೀರಿ." ಅವನು ನಕ್ಕು ಲೋಟ ತೆಗೆದುಕೊಂಡು ಹೋದ. ಹೋಗುವಾಗ ಬೆಂಚಿನ ಮೇಲೆ ಬಿಚ್ಚಿದ್ದ ಮೂರು ರೀಲುಗಳ ಕಡೆ ಒಂದು ಸಲ ಕಣ್ಣು ಹಾಯಿಸಿದ. ಮಾಮೂಲಿಗಿಂತ ಎರಡು ಹೆಚ್ಚಿದ್ದವು.

ಮೇಸ್ತ್ರಿ ಡಾಕ್ಟರಮ್ಮನ ರೀಲಿಗೆ ಕೈ ಹಾಕಿದ. ಬಿಚ್ಚಿದ ರೀಲು ಯಜಮಾನನ ಮೇಲೆ ಚಾಡಿ ಹೇಳುತ್ತದೆ. ಜೋರು ಪೈಪು ಹಿಡಿದು ತೊಳೆಯುವವರ ರೀಲಿನಲ್ಲಿ ಉಪ್ಪು ಹೊರಗೆ ಹೋಗುವ ಬದಲು ಒಳಗೆ ನುಗ್ಗಿ ಕೂತಿರುತ್ತದೆ. ದಾರದ ಓಟ ತಡೆಯುವ ಬಿಗಿಯನ್ನು ಸಡಿಲಿಸದೆ ಗೂಟಕ್ಕೆ ನೇತುಹಾಕುವವರ ರೀಲಿನಲ್ಲಿ ಉಣ್ಣೆಯ ಬಿಲ್ಲೆಗಳು ಒತ್ತಿ ಒತ್ತಿ ಕಾಗದವಾಗಿರುತ್ತವೆ. ಡಾಕ್ಟರಮ್ಮನ ರೀಲು ಯಾರ ಮೇಲೂ ಏನೂ ಹೇಳುತ್ತಿರಲಿಲ್ಲ. ಆಕೆ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು, ನೆರಳಿನಲ್ಲಿ ಒಣಗಿಸಿ, ಬಿಗಿ ಸಡಿಲಿಸಿ ಇಡುವವಳು. ಅಂಥ ರೀಲನ್ನು ಮುಚ್ಚುವುದು ಕಷ್ಟವಲ್ಲ.

ಆದರೂ ಅವನು ಅವತ್ತು ಎರಡು ಗಂಟೆ ತೆಗೆದುಕೊಂಡ. ಪರೀಕ್ಷೆಗೆ ಕೂತವನ ಹಾಗೆ ಪ್ರತಿಯೊಂದು ಭಾಗವನ್ನೂ ತೊಳೆದು, ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿಟ್ಟ. ಕಡೆಗೆ ಬರುವುದು ತೆಳುಬಿಲ್ಲೆಗಳು. ಹಲ್ಲುಚಕ್ರದ ಎರಡು ಬದಿಗೂ ಕೂರುವ, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಉಕ್ಕಿನ ಬಿಲ್ಲೆಗಳು. ಈ ರೀಲಿಗೆ ಆ ಬದಿಗೊಂದು, ಈ ಬದಿಗೊಂದು. ಒಂದು ಕಡಿಮೆಯಾದರೆ ಚಕ್ರ ಅಲ್ಲಾಡುತ್ತದೆ, ಹೆಚ್ಚಾದರೆ ಬಿಗಿಯುತ್ತದೆ. ಎರಡೂ ಒಳ್ಳೆಯದಲ್ಲ, ಒಂದು ಹಂಗಾಮಿನೊಳಗೆ ಹಲ್ಲು ಸವೆದುಹೋಗುತ್ತವೆ. ಅವುಗಳಲ್ಲಿ ಇನ್ನೊಂದು ಕಿತಾಪತಿಯಿದೆ. ಗ್ರೀಸಿನ ಪಸೆಗೆ ಎರಡು ಬಿಲ್ಲೆ ಅಂಟಿಕೊಂಡುಬಿಟ್ಟರೆ ಕಣ್ಣಿಗೆ ಒಂದೇ. ಬೆರಳಿಗೆ ಮಾತ್ರ ಎರಡು. ಅದಕ್ಕೇ ಮೇಸ್ತ್ರಿ ಬಿಲ್ಲೆಗಳನ್ನು ಕಣ್ಣು ಮುಚ್ಚಿಯೇ ಕೂರಿಸುತ್ತಿದ್ದ. ಇವತ್ತೂ ಡಬ್ಬಿಯಿಂದ ಹೊಸ ಬಿಲ್ಲೆ ತೆಗೆದು, ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿದ. ಒಂದು. ಇನ್ನೊಂದು ಬದಿಗೆ ಇನ್ನೊಂದು. ಮುಚ್ಚಳ ಹಾಕಿ ಸ್ಕ್ರೂ ಬಿಗಿದ. ಹಿಡಿ ತಿರುಗಿಸಿದ. ತಿರುಗಿತು. ಇದಕ್ಕಿಂತ ಚೆನ್ನಾಗಿ ಮುಚ್ಚಲು ಅವನಿಂದ ಸಾಧ್ಯವಿರಲಿಲ್ಲ.

ಅದನ್ನು ಕಪಾಟಿನಲ್ಲಿಟ್ಟು, "ಊಟಕ್ಕೆ ಹೋಗ್ತೀನಿ" ಎಂದ.

"ಹೋಗಿ ಭಾವ. ಊಟ ಮಾಡಿ ಮಲಗಿ, ನಾಲ್ಕರೊಳಗೆ ಬಂದ್ರೆ ಅಕ್ಕನ ಹತ್ರ ಚಾಡಿ ಹೇಳ್ತೀನಿ."

ಈ ಮಧ್ಯಾಹ್ನದ ನಿದ್ದೆ ಶುರುವಾದದ್ದು ಎರಡು ವರ್ಷದ ಹಿಂದೆ. ವಯಸ್ಸಾಯಿತು, ಬೆನ್ನಿಗೆ ಒಳ್ಳೆಯದು ಎಂದು ಅಕ್ಕ ತಮ್ಮ ಇಬ್ಬರೂ ಸೇರಿ ಹಿಂದೆ ಬಿದ್ದಿದ್ದರು. ಮೇಸ್ತ್ರಿ ಮನೆಗೆ ಹೋಗಿ ಕೈತೊಳೆದು ಕೂತ. ಹೆಂಡತಿ ಬಡಿಸಿದಳು. ಅವನು ಸರಿಯಾಗಿ ತಿನ್ನಲಿಲ್ಲ. ಅವಳು ಕೇಳಲಿಲ್ಲ. ಮೂವತ್ತು ವರ್ಷ ಮಾತು ಕಡಿಮೆಯಿರುವವನ ಜೊತೆ ಬಾಳಿದವರಿಗೆ ಯಾವ ಮೌನದ ಹತ್ತಿರ ಹೋಗಬಹುದು, ಯಾವುದರಿಂದ ದೂರವಿರಬೇಕು ಎಂಬುದು ಗೊತ್ತಿರುತ್ತದೆ. ಅವನು ಮಂಚದ ಮೇಲೆ ಹತ್ತು ನಿಮಿಷ ಉರುಳಿ, ಎದ್ದು ಚಪ್ಪಲಿ ಹಾಕಿಕೊಂಡ.

"ಎಲ್ಲಿಗೆ?"

"ಕನ್ನಡಕ ಮರೆತೆ."

ಕನ್ನಡಕ ಅವನ ಜೇಬಿನಲ್ಲೇ ಇತ್ತು. ಅವಳಿಗೂ ಅದು ಕಾಣುತ್ತಿತ್ತು. ಅವಳು ಬಾಗಿಲವರೆಗೆ ಬಂದು, ಅವನು ಬೀದಿ ತಿರುಗುವವರೆಗೂ ನಿಂತಿದ್ದಳು.

ಅಂಗಡಿಯ ಹಿಂದಿನ ಓಣಿ ಬಿಸಿಲಿಗೆ ಖಾಲಿಯಾಗಿತ್ತು. ಕಿಟಕಿಯ ಕೆಳಗಿನ ಎರಡು ಗಾಜುಗಳಿಗೆ ಬಣ್ಣ ಬಳಿದಿತ್ತು, ಮೇಲಿನದು ಸ್ವಚ್ಛ. ಮೇಸ್ತ್ರಿ ಮುರಿದ ಇಟ್ಟಿಗೆಯ ಮೇಲೆ ನಿಂತು ಒಳಗೆ ನೋಡಿದ. ತನ್ನ ಅಂಗಡಿಯನ್ನು ತಾನೇ ಕಳ್ಳನ ಹಾಗೆ ಇಣುಕುತ್ತಿದ್ದೇನೆ ಅನ್ನಿಸಿ ಮುಖ ಬಿಸಿಯಾಯಿತು.

ಭಾಮೈದ ಸ್ಟೂಲಿನ ಮೇಲೆ ಕೂತಿದ್ದ. ಡಾಕ್ಟರಮ್ಮನ ರೀಲು ಬಿಚ್ಚಿತ್ತು. ಅವನು ಹಾಡು ಗುನುಗುತ್ತಿರಲಿಲ್ಲ, ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಲೂ ಇರಲಿಲ್ಲ. ಮುಖದಲ್ಲಿ ನಗುವೂ ಇರಲಿಲ್ಲ. ಆ ಮುಖವನ್ನು ಮೇಸ್ತ್ರಿ ಹಿಂದೆಂದೂ ನೋಡಿದ ಹಾಗಿರಲಿಲ್ಲ. ಎಡಗೈಯಲ್ಲಿ ಚಿಮಟ ಹಿಡಿದು ಅವನು ಒಂದು ತೆಳುಬಿಲ್ಲೆಯನ್ನು ಬಟ್ಟೆಯ ಮೇಲಿಟ್ಟ. ಬ್ಲೇಡಿನ ಮೂಲೆಯನ್ನು ಅದರ ಅಂಚಿಗೆ ತಾಗಿಸಿ, ಉಸಿರು ಹಿಡಿದು, ಮೆಲ್ಲಗೆ ಒತ್ತಿದ.

ಬಿಲ್ಲೆ ಎರಡಾಯಿತು.

ಒಂದನ್ನು ಒರೆಸಿ ಡಬ್ಬಿಗೆ ಹಾಕಿದ. ಇನ್ನೊಂದನ್ನು ಚಕ್ರದ ಬದಿಗೆ ಕೂರಿಸಿದ. ಇನ್ನೊಂದು ಬದಿಯದನ್ನೂ ತೆಗೆದು ಬ್ಲೇಡು ತಾಗಿಸಿ ನೋಡಿದ. ಅದು ಒಂದೇ ಇತ್ತು, ಹಾಗೇ ಇಟ್ಟ. ಆಮೇಲೆ ಮೇಸ್ತ್ರಿ ಬಳಿದಿದ್ದ ದಪ್ಪ ಗ್ರೀಸನ್ನು ಬಟ್ಟೆಯಿಂದ ಒರೆಸಿ, ತೆಳ್ಳಗೆ ಹಚ್ಚತೊಡಗಿದ.

ಮೇಸ್ತ್ರಿ ಇಟ್ಟಿಗೆಯಿಂದ ಇಳಿದ. ಮನೆಗೆ ಹೋಗುವ ದಾರಿ ಆರು ನಿಮಿಷದ್ದು, ಅವನಿಗೆ ಎಷ್ಟು ಹೊತ್ತಾಯಿತೋ. ಬೆಳಗಿನಿಂದ ಎದೆಯಲ್ಲಿ ಹೊತ್ತು ತಿರುಗಿದ ಸಿಟ್ಟಿಗೆ ಈಗ ಇಳಿಸಲು ಜಾಗವಿರಲಿಲ್ಲ. ಕಳ್ಳ ಸಿಕ್ಕಿದ್ದ, ಆದರೆ ಕದ್ದ ಮಾಲು ಮಾತ್ರ ಎಲ್ಲೂ ಇರಲಿಲ್ಲ. ನಡೆಯುತ್ತಲೇ ಅವನು ಅಂಗಿಯ ಅಂಚನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕಿದ. ಮಡಿಸಿ ತಿಕ್ಕಿದ. ಮತ್ತೆ ಮಡಿಸಿದ. ಬಟ್ಟೆ ಇದೆ ಎಂದು ಬೆರಳು ಹೇಳುತ್ತಿತ್ತು. ಎಷ್ಟು ಇದೆ ಎಂದು ಹೇಳುತ್ತಿರಲಿಲ್ಲ.

ಹೆಂಡತಿ ಹೊಲಿಗೆ ಹಿಡಿದು ಕೂತಿದ್ದಳು. ಅವನು ಅವಳ ಎದುರು ಕೂತು ಕೈ ಚಾಚಿದ.

"ಕಣ್ಣು ಮುಚ್ಚಿರ್ತೀನಿ. ದಾರ ಇಡು. ಒಂದೆಳೆನೋ ಎರಡೆಳೆನೋ ಹೇಳ್ತೀನಿ."

ಅವಳು ಸೂಜಿ ಕೆಳಗಿಟ್ಟಳು. "ಬೇಡ ಬಿಡಿ."

"ಇಡು."

ಅವಳು ಇಟ್ಟಳು. ಅವನು ತಿಕ್ಕಿ ನೋಡಿ ಒಂದು ಅಂದ. ಕಣ್ಣು ಬಿಟ್ಟಾಗ ಮೂರಿದ್ದವು.

"ನಿಂಗೆ ಯಾವಾಗಿಂದ ಗೊತ್ತು?"

"ಎರಡು ವರ್ಷದಿಂದ ಅಂಗಿ ಗುಂಡಿ ಹಾಕ್ಕೊಳ್ಳೋಕೆ ಕನ್ನಡಿ ಮುಂದೆ ನಿಲ್ತೀರಿ," ಎಂದಳು. "ಮೊದಲು ನಡೀತಾ ಹಾಕ್ಕೊಳ್ತಿದ್ರಿ. ಬೀದಿ ತಿರುಗೋ ಹೊತ್ತಿಗೆ ಕೊನೇ ಗುಂಡಿ ಆಗಿರ್ತಿತ್ತು."

ಅವನಿಗೆ ಇದು ನೆನಪೇ ಇರಲಿಲ್ಲ. ಕನ್ನಡಿ ಮುಂದೆ ತಾನು ಯಾವಾಗ ನಿಲ್ಲತೊಡಗಿದೆ? ಅವನ ಮೈ ಅವನಿಗೆ ಹೇಳದೆಯೇ ಸುಧಾರಿಸಿಕೊಂಡುಬಿಟ್ಟಿತ್ತು. ಮನೆಯವರೂ ಹಾಗೇ ಸುಧಾರಿಸಿಕೊಂಡಿದ್ದರು.

"ಹೇಳಬಹುದಿತ್ತಲ್ಲ."

"ಹೇಳು ಅಂತ ಅವನಿಗೆ ಅಂದೆ. ನಾಳೆ ಹೇಳ್ತೀನಿ ಅಕ್ಕ, ನಾಳೆ ಹೇಳ್ತೀನಿ ಅಂತಾನೇ ಬಂದ. ಒಂದಿನ ನನ್ನ ಮೇಲೇ ರೇಗಿದ. ಹತ್ತು ಮಾತಾಡೋನಿಗೆ ಒಂದು ಮಾತು ಹೇಳೋದು ಎಷ್ಟು ಕಷ್ಟ ಅಂತ ನಿಂಗೇನು ಗೊತ್ತು ಅಂದ." ಅವಳು ದಾರದ ಮೂರೆಳೆಯನ್ನೂ ಒಟ್ಟಿಗೆ ಸುತ್ತಿದಳು. "ನನಗೂ ಹೇಳೋಕಾಗಲಿಲ್ಲ. ನೀವು ಆ ಸ್ಟೂಲಿಂದ ಇಳಿದ್ರೆ ಎಲ್ಲಿ ಕೂರ್ತೀರಿ ಅಂತ ಯೋಚನೆ ಮಾಡ್ತಿದ್ದೆ."

ಮೇಸ್ತ್ರಿ ಅವತ್ತು ಅಂಗಡಿಗೆ ಮತ್ತೆ ಹೋಗಲಿಲ್ಲ. ತಲೆನೋವು ಎಂದು ಹೇಳಿ ಕಳಿಸಿ, ಹಿತ್ತಲಿನ ಮೆಟ್ಟಿಲ ಮೇಲೆ ಕೂತ. ಬಿಸಿಲು ಗೋಡೆಯಿಂದ ಇಳಿದು ನೆಲಕ್ಕೆ ಬಂತು, ನೆಲದಿಂದ ಹೋಯಿತು. ಎರಡು ವರ್ಷದಲ್ಲಿ ತಾನು ಎಷ್ಟು ರೀಲು ಮುಚ್ಚಿರಬಹುದು? ಅವುಗಳಲ್ಲಿ ಒಂದೂ ಹಾಳಾಗಿ ವಾಪಸು ಬಂದಿರಲಿಲ್ಲ. ತನ್ನ ಹೆಸರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅದನ್ನು ಇನ್ನೊಬ್ಬ ದಿನಾ ಮಧ್ಯಾಹ್ನ ಊಟಬಿಟ್ಟು, ಮಾತುಬಿಟ್ಟು ಕಾದುಕೊಂಡಿದ್ದ. ಇನ್ನು ಎರಡು ದಾರಿಯಿದ್ದವು. ಏನೂ ಕಾಣದವನ ಹಾಗೆ ನಾಳೆಯೂ ಹೋಗಿ ಕೂರಬಹುದು. ಯಾರೂ ಏನೂ ಅನ್ನುವುದಿಲ್ಲ. ಸಾಯುವವರೆಗೆ ಮೇಸ್ತ್ರಿಯಾಗಿಯೇ ಇರಬಹುದು, ಬೊಂಬೆಯ ಹಾಗೆ. ಅಥವಾ ಇಳಿಯಬಹುದು. ಇಳಿದರೆ ಎಲ್ಲಿಗೆ?

ಶುಕ್ರವಾರ ಅವನು ಎಂದಿನ ಹೊತ್ತಿಗೆ ಹೋದ. ಬೆಂಚಿನಲ್ಲಿ ಕೂತ, ಆದರೆ ಯಾವ ರೀಲನ್ನೂ ಬಿಚ್ಚಲಿಲ್ಲ. ಗಾಳಗಳ ಮೊನೆಯನ್ನು ಉಗುರಿನ ಮೇಲೆ ಎಳೆದು, ಗೀರು ಬೀಳದವನ್ನು ಮಾತ್ರ ಆರಿಸಿ ಅರದಿಂದ ಚೂಪು ಮಾಡಿದ. ಉಗುರಿನ ಮೇಲಿನ ಗೀರನ್ನು ಬೆರಳನ್ನು ನಂಬದೆ ಕಣ್ಣಿನಿಂದಲೇ ನೋಡಬಹುದಿತ್ತು. ಭಾಮೈದ ಎರಡು ಸಲ ಬಂದು ತಲೆನೋವು ವಿಚಾರಿಸಿದ. ಮಧ್ಯಾಹ್ನ ಮೇಸ್ತ್ರಿ ಊಟಕ್ಕೆ ಹೋಗಿ ಅರ್ಧಗಂಟೆಯಲ್ಲೇ ವಾಪಸು ಬಂದಾಗ ಅವನು ಮುಖ ನೋಡಿದ, ಚಾಡಿ ಹೇಳುವ ಮಾತೆತ್ತಲಿಲ್ಲ.

ಸಂಜೆ ಐದಕ್ಕೆ ಡಾಕ್ಟರಮ್ಮ ಬಂದಳು. ನೇರ ಹಿಂದಕ್ಕೆ ಬೆಂಚಿನವರೆಗೇ ನಡೆದು ಬರುವುದು ಅವಳ ರೂಢಿ. ಮೇಸ್ತ್ರಿ ರೀಲನ್ನು ಬಟ್ಟೆಯ ಮೇಲಿಟ್ಟ. ಅವಳು ಹಿಡಿ ತಿರುಗಿಸಿದಳು, ನಿಲ್ಲಿಸಿದಳು, ಮತ್ತೆ ತಿರುಗಿಸಿದಳು.

"ನೀರಿನ ಹಾಗೆ ಓಡ್ತಿದೆ," ಎಂದಳು. "ನಾನು ಎಲ್ಲರಿಗೂ ಹೇಳ್ತೀನಿ, ನಿಮ್ಮ ಕೈ ನನಗಿದ್ದಿದ್ರೆ ಯಾರ ಹಲ್ಲೂ ನೋಯ್ತಿರಲಿಲ್ಲ ಅಂತ."

ಮುಂದೆ ಕೌಂಟರಿನಲ್ಲಿ ಭಾಮೈದ ದಾರದ ಉಂಡೆಗಳನ್ನು ಜೋಡಿಸುತ್ತಿದ್ದ. ಮೇಸ್ತ್ರಿ ಒಂದು ಸಲ ಆ ಕಡೆ ನೋಡಿದ. ಒಂದು ವಾಕ್ಯವನ್ನು ನಿನ್ನೆಯಿಂದ ಒಳಗೊಳಗೇ ತಿರುಗಿಸಿ ನೋಡಿದ್ದ, ಈಗ ಅದು ಯಾವ ಕಡೆಯಿಂದ ಶುರುವಾಗುತ್ತದೆ ಎಂಬುದೇ ಮರೆತುಹೋಯಿತು.

"ನನ್ನ ಕೈಯಲ್ಲ," ಎಂದ.

"ಅಂದ್ರೆ?"

"ನಾನು ಮುಚ್ಚಿದ್ದು ತಪ್ಪಾಗಿತ್ತು. ಒಂದು ಬಿಲ್ಲೆ ಜಾಸ್ತಿ ಹೋಗಿತ್ತು. ಅವನು ಬಿಚ್ಚಿ ಸರಿ ಮಾಡಿದ್ದು. ಇದೊಂದೇ ಅಲ್ಲ, ಹೋದ ಸಲದ್ದೂ ಅವನೇ. ಎರಡು ವರ್ಷದಿಂದ ಎಲ್ಲ ಅವನೇ." ಅಷ್ಟು ಹೇಳಿ ಅವನಿಗೆ ಏದುಸಿರು ಬಂತು. "ನನ್ನ ಬೆರಳಿಗೆ ಗೊತ್ತಾಗ್ತಿಲ್ಲ."

ಕೌಂಟರಿನಲ್ಲಿ ಒಂದು ಉಂಡೆ ಕೆಳಗೆ ಬಿದ್ದು ಉರುಳಿತು. ಅದನ್ನು ಎತ್ತಿಕೊಳ್ಳಲು ಯಾರೂ ಬಗ್ಗಲಿಲ್ಲ.

ಡಾಕ್ಟರಮ್ಮ ಅವನ ಕೈಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ, ಇಲ್ಲಿ, ಇಲ್ಲಿ ಎಂದು ಕೇಳಿದಳು. ಅವನು ತಲೆಯಾಡಿಸುತ್ತ, ಒಮ್ಮೊಮ್ಮೆ ಆಡಿಸದೆ ಉತ್ತರ ಕೊಟ್ಟ. "ನರದ್ದಿರಬಹುದು. ನಾನು ಹಲ್ಲಿನವಳು, ಇದು ನನ್ನ ಹೊಲ ಅಲ್ಲ. ಗೊತ್ತಿರೋರ ಹೆಸರು ಬರೆದು ಕೊಡ್ತೀನಿ, ಸೋಮವಾರ ಹೋಗಿ ಬನ್ನಿ. ಹೋಗಲ್ಲ ಅಂದ್ರೆ ನಿಮ್ಮ ಹೆಂಡತಿಗೆ ಹೇಳ್ತೀನಿ." ಚೀಟಿ ಬರೆದುಕೊಟ್ಟು, ರೀಲನ್ನು ಟವೆಲಿನಲ್ಲಿ ಸುತ್ತಿಕೊಂಡಳು. ಹೋಗುವಾಗ ಕೌಂಟರಿನ ಹತ್ತಿರ ನಿಂತು ಭಾಮೈದನಿಗೆ, "ಮುಂದಿನ ವರ್ಷ ನಿಮ್ಮ ಕೈಗೇ ಕೊಡ್ತೀನಿ ಹಾಗಾದ್ರೆ," ಎಂದಳು. ಭಾಮೈದ ಹೂಂ ಅಂದ. ಅದೂ ಸರಿಯಾಗಿ ಹೊರಗೆ ಬರಲಿಲ್ಲ.

ಅವಳು ಹೋದ ಮೇಲೆ ಭಾಮೈದ ಹತ್ತು ಹೆಜ್ಜೆ ನಡೆದು ಬೆಂಚಿನ ಪಕ್ಕ ಬಂದು ನಿಂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಹಿಂದೆ ಕಟ್ಟಿಕೊಂಡಿದ್ದ.

"ಭಾವ, ನಾನು ಹೇಳಬೇಕು ಅಂತ..."

"ಗೊತ್ತು."

"ಕದ್ದು ಮಾಡಿದ್ದು ತಪ್ಪು."

"ತಪ್ಪು," ಎಂದ ಮೇಸ್ತ್ರಿ. "ಎಲ್ಲಿ ಕಲಿತೆ?"

"ಇಲ್ಲೇ. ಕೌಂಟರಲ್ಲಿ ನಿಂತು ನಿಮ್ಮ ಕೈ ನೋಡಿ ನೋಡಿ. ಮೂವತ್ತು ವರ್ಷ ಗಿರಾಕಿ ಜೊತೆ ಮಾತಾಡಿದ್ದು ಬಾಯಿ, ಭಾವ. ಕಣ್ಣು ಖಾಲಿನೇ ಇತ್ತು."

ಮೇಸ್ತ್ರಿ ಸ್ಟೂಲಿನಿಂದ ಇಳಿದ. ಬೆಂಚಿನ ದೀಪ ಎಡಗಡೆಗೆ ಬಿಗಿದಿತ್ತು. ಬಲಗೈಯವನ ನೆರಳು ಕೆಲಸದ ಮೇಲೆ ಬೀಳಬಾರದೆಂದು ಮಾವನೇ ಅಲ್ಲಿ ಬಿಗಿದದ್ದು. ಅವನು ಅದರ ತಿರುಪನ್ನು ಬಿಚ್ಚಿ, ದೀಪವನ್ನು ಬಲಗಡೆಗೆ ತಂದು ಕೂರಿಸಿದ. ತಿರುಪು ಎಷ್ಟು ಬಿಗಿಯಾಯಿತೋ ಬೆರಳಿಗೆ ತಿಳಿಯಲಿಲ್ಲ. ಭಾಮೈದ ಕೈ ಚಾಚಿ ಇನ್ನರ್ಧ ಸುತ್ತು ತಿರುಗಿಸಿದ.

"ಗ್ರೀಸು ತೀರ ತೆಳ್ಳಗಾಯ್ತು ನಿಂದು," ಎಂದ ಮೇಸ್ತ್ರಿ. "ಸಮುದ್ರದ ರೀಲಿಗೆ ಅಷ್ಟು ಸಾಲದು. ಕೆರೇದಕ್ಕೆ ಸರಿ."

"ದಪ್ಪ ಹಾಕಿದ್ರೆ ಉಪ್ಪು ಹಿಡ್ಕೊಂಡು ಕೂರತ್ತೆ ಭಾವ."

"ಕೂರಲ್ಲ."

"ಡಾಕ್ಟರಮ್ಮನ್ನ ಕೇಳಿ, ಹದಿನಾಲ್ಕು ತಿಂಗಳು ಓಡಿದೆ."

"ಅವಳು ತೊಳೆಯೋದಕ್ಕೆ ಓಡಿದ್ದು. ನಿನ್ನ ಗ್ರೀಸಿಗಲ್ಲ."

ಅವರು ಇದರ ಮೇಲೆ ಒಂದಿಷ್ಟು ವಾದ ಮಾಡಿದರು. ಇಬ್ಬರೂ ಸೋಲಲಿಲ್ಲ. ಆಮೇಲೆ ಭಾಮೈದ ಸ್ಟೂಲಿನ ತುದಿಯಲ್ಲಿ, ಬೇರೆಯವರ ಮನೆಯಲ್ಲಿ ಕೂತ ಹಾಗೆ ಕೂತ. ಕಪಾಟಿನಿಂದ ನಿನ್ನೆ ಮೇಸ್ತ್ರಿ ಬಿಚ್ಚಿದ್ದ ಒಂದು ರೀಲನ್ನು ತೆಗೆದುಕೊಂಡ. ಕೆಲಸ ಶುರುವಾದ ಕೂಡಲೇ ಅವನ ಬಾಯಿ ತಾನಾಗಿ ಮುಚ್ಚಿತು.

ಮೇಸ್ತ್ರಿ ಅಲ್ಲೇ ನಿಂತಿದ್ದರೆ ಅವನ ಕೈ ನೋಡುತ್ತ ನಿಂತಿರುತ್ತಿದ್ದ. ಅದು ಸರಿಯಲ್ಲ ಅನ್ನಿಸಿತು. ಮುಂದಕ್ಕೆ ನಡೆದ. ಬಿದ್ದಿದ್ದ ದಾರದ ಉಂಡೆಯನ್ನು ಎತ್ತಿ ಅದರ ಜಾಗದಲ್ಲಿಟ್ಟ. ಈ ಕಡೆಯಿಂದ ಅಂಗಡಿ ಬೇರೆ ಥರ ಕಾಣುತ್ತಿತ್ತು. ಬೀದಿ ಇಷ್ಟು ಹತ್ತಿರವಿದೆ ಎಂದು ಅವನು ಯೋಚಿಸಿಯೇ ಇರಲಿಲ್ಲ.

ಒಬ್ಬಳು ಹೆಂಗಸು ಒಳಗೆ ಬಂದಳು. ಕೆಲಸ ಮುಗಿಸಿ ಬಂದ ಹಾಗಿತ್ತು, ಹೆಗಲಿಗೆ ಚೀಲ, ಬಟ್ಟೆಯ ಮೇಲೆ ಸುಣ್ಣದ ಕಲೆ. ಗೋಡೆಗೆ ನಿಂತ ಕೋಲುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡಿ, ಏನು ಕೇಳಬೇಕೆಂದು ತಿಳಿಯದೆ ಅವನ ಕಡೆ ತಿರುಗಿದಳು. ಅವನು ಹಿಂದಕ್ಕೆ ನೋಡಿದ. ಭಾಮೈದ ತಲೆ ಎತ್ತಲಿಲ್ಲ. ಎತ್ತದೆ ಇರಲು ಅವನು ಎಷ್ಟು ಕಷ್ಟಪಡುತ್ತಿದ್ದನೆಂದು ಅವನ ಕಿವಿಯ ಕೆಂಪಿನಿಂದಲೇ ತಿಳಿಯುತ್ತಿತ್ತು.

ಹೆಂಗಸು ಕಾಯುತ್ತಿದ್ದಳು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡ.

"ಎಲ್ಲಿ ಹಿಡೀತೀರಿ?" ಎಂದ. "ನದೀಲಾ, ಸಮುದ್ರದಲ್ಲಾ?"